ಇಳಿಜಾರಿನಲ್ಲಿ ನೀನು ತೋರಿಸಿದ ಆ ಕೈಸನ್ನೆ

ಪ್ರೀತಿಯ ಗೆಳೆಯ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ನನಗೆ ಕೇಳಿಸಲೇ ಇಲ್ಲ. ಬಲಗಿವಿ ಹೆಚ್ಚುಕಡಿಮೆ ಹೋಗಿಬಿಟ್ಟಿದೆ, ಎಡಗಿವಿಯಲ್ಲಿ ಹಗಲೂ ರಾತ್ರಿ ಒಂದು ಸಣ್ಣ ಕೂಗು. ಬುಲ್ಡೋಜರಿನ ಸೈಲೆನ್ಸರ್ ಇಲ್ಲದ ಹೊಗೆ ಕೊಳವೆಯ ಹಿಂದೆ ಅಷ್ಟು ವರ್ಷ ಕೂತಿದ್ದಕ್ಕೆ ಬಂದಿದ್ದು ಇದು. ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಳ್ಳಿ ಅಂತ ನಮಗೆ ಆಗ ಯಾರೂ ಹೇಳಲಿಲ್ಲ ಅಲ್ವಾ. ಅದಕ್ಕೇ ಬರೆದು ಹೇಳೋಣ ಅಂತ ಕೂತೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಹಳೆ ಮಷಿನ್ ಮೇಲೆ ಕೂತವರು ಇನ್ನೂ ಯಾರಾದರೂ ಇದ್ದರೆ ಓದಲಿ ಅಂತ.

ಒಂದು ವಿಷಯ ಮಾತ್ರ ಸರಿಯಾಗಿ ಕೇಳಿಸಿತು. ನಿನ್ನ ಮಗ ಡೋಜರ್ ಕಲಿಯಲು ಸೇರಿದ್ದಾನೆ. ಮುಚ್ಚಿದ ಕ್ಯಾಬಿನ್, ಎಸಿ, ಎರಡು ಕೈಗೆ ಎರಡು ಜಾಯ್‌ಸ್ಟಿಕ್, ಮುಂದೆ ಮಣ್ಣು ತಳ್ಳುವ ಬ್ಲೇಡ್ ಎಷ್ಟು ಇಳಿಯಬೇಕು ಅನ್ನುವುದನ್ನೂ ಉಪಗ್ರಹದ ಸಿಗ್ನಲ್ ಹಿಡಿದು ಮಷಿನ್ನೇ ನೋಡಿಕೊಳ್ಳುತ್ತದೆ. ನನಗೆ ನಿಜವಾಗಿಯೂ ಖುಷಿಯಾಯಿತು. ನಿಮ್ಮ ಕಾಲದಲ್ಲಿ ಸ್ಟಾರ್ಟ್ ಮಾಡುವುದಕ್ಕೇ ಯಾಕಪ್ಪ ಅಷ್ಟು ಹೊತ್ತು ಬೇಕಿತ್ತು ಅಂತ ಕೇಳಿದನಂತೆ. ನೀನು ಏನು ಹೇಳಿದೆಯೋ ಕೇಳಿಸಲಿಲ್ಲ. ನಾನು ಹೇಳುತ್ತೇನೆ, ಅವನಿಗೆ ಓದಿ ಹೇಳು.

ಆ ಹಳೆ ಕ್ಯಾಟರ್‌ಪಿಲ್ಲರ್ ಕಂಪನಿಯ ಡಿ7, ಡಿ8 ಡೋಜರ್‌ಗಳಲ್ಲಿ ದೊಡ್ಡ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಎರಡು ಸಿಲಿಂಡರಿನ ಒಂದು ಪುಟ್ಟ ಪೆಟ್ರೋಲ್ ಎಂಜಿನ್ ಇರುತ್ತಿತ್ತು. ನಾವೆಲ್ಲ ಪೋನಿ ಅನ್ನುತ್ತಿದ್ದೆವಲ್ಲ, ಅದು. ಮೊದಲು ಅದನ್ನು ಎಬ್ಬಿಸಬೇಕು. ಅದನ್ನು ತಿರುಗಿಸುವ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು, ಸುತ್ತಿ ಹಿಡಿದರೆ ಎಂಜಿನ್ ತಿರುಗಿ ಒದ್ದಾಗ ಕೈ ಮುರಿದೇ ಹೋಗುತ್ತದೆ. ನನಗೆ ಇದನ್ನು ಮೊದಲ ದಿನವೇ ಹೇಳಿಕೊಟ್ಟವನು ನೀನು. ಪೋನಿ ಓಡತೊಡಗಿದ ಮೇಲೆ ದೊಡ್ಡ ಎಂಜಿನ್ನಿನ ಕಂಪ್ರೆಷನ್ ಬಿಟ್ಟು, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತಿಕೊಳ್ಳದ ಹಾಗೆ ಮಾಡಿ, ಅದರ ಕ್ಲಚ್ ಹಾಕಿ, ದೊಡ್ಡ ಎಂಜಿನ್ನನ್ನು ಸುಮ್ನೆ ನಿಧಾನವಾಗಿ ತಿರುಗಿಸುತ್ತಾ ಇರಬೇಕು. ಆಗ ಡೀಸೆಲ್ ಇನ್ನೂ ಕೊಡುವುದಿಲ್ಲ. ಎರಡೂ ಎಂಜಿನ್ನಿಗೆ ಒಂದೇ ನೀರು, ಪೋನಿ ಕಾದ ಹಾಗೆ ದೊಡ್ಡದೂ ಮೆಲ್ಲಗೆ ಬೆಚ್ಚಗಾಗುತ್ತದೆ. ಪೋನಿಯ ಬಿಸಿ ಹೊಗೆಯನ್ನೂ ವ್ಯರ್ಥ ಮಾಡುತ್ತಿರಲಿಲ್ಲ, ಡೀಸೆಲ್ ಎಂಜಿನ್ ಗಾಳಿ ಎಳೆಯುವ ದಾರಿಯ ಒಳಗಿನಿಂದಲೇ ಆ ಹೊಗೆ ಕೊಳವೆ ಹಾದುಹೋಗುತ್ತಿತ್ತು, ಒಳಗೆ ಹೋಗುವ ಗಾಳಿ ಬಿಸಿಯಾಗಲಿ ಅಂತ. ಆಯಿಲ್ ಪ್ರೆಷರ್ ಮುಳ್ಳು ಮೇಲೆ ಬರುವ ತನಕ ಕಾದು, ಆಮೇಲೆ ಕಂಪ್ರೆಷನ್ ಲಿವರ್ ಹಾಕಿದರೆ ಪೋನಿ ಒಮ್ಮೆಗೇ ಭಾರ ಹೊತ್ತವರ ಹಾಗೆ ನರಳುತ್ತಿತ್ತು. ಆಗ ಡೀಸೆಲ್ ಬಿಡಬೇಕು. ಬಿಳಿ ಹೊಗೆ, ಒಂದು ಸಿಲಿಂಡರ್ ಹೊಡೆಯುತ್ತದೆ, ಸುಮ್ಮನಾಗುತ್ತದೆ, ಎರಡು ಹೊಡೆಯುತ್ತವೆ, ಆಮೇಲೆ ಎಲ್ಲವೂ ಒಟ್ಟಿಗೆ. ಕಾಲ ಕೆಳಗಿನ ನೆಲ ನಡುಗುತ್ತಿತ್ತು. ಬ್ಯಾಟರಿ ಸತ್ತಿದೆ ಅಂತ ನಾವು ಒಂದು ದಿನವೂ ಕೆಲಸ ನಿಲ್ಲಿಸಿದ್ದಿಲ್ಲ, ಏಕೆಂದರೆ ಸ್ಟಾರ್ಟ್ ಮಾಡಲು ಬ್ಯಾಟರಿಯೇ ಬೇಕಿರಲಿಲ್ಲ!

ಆ ಹೊತ್ತು ದಂಡವಲ್ಲ ಅಂತ ಅವನಿಗೆ ಹೇಳು. ಪೋನಿ ಓಡುತ್ತಿರುವಾಗ ಮಷಿನ್ ಸುತ್ತ ಒಂದು ಸುತ್ತು ಬಂದು, ಚೈನಿನ ಮೇಲೆ ಉರುಳುವ ಯಾವ ರೋಲರ್ ಹತ್ತಿರ ಎಣ್ಣೆ ಜಿನುಗಿದೆ, ನೆಲ ತುಳಿಯುವ ಪಟ್ಟಿಯ ಯಾವ ಶೂ ಬೋಲ್ಟ್ ಸಡಿಲಾಗಿದೆ, ಎಲ್ಲ ನೋಡುತ್ತಿದ್ದೆವು.

ಮೊದಲ ಡೋಜರ್ ಮಾಡಿದ್ದು ಯಾರು ಅಂತಲೂ ಅವನಿಗೆ ತಿಳಿದಿರಲಿ. ಬೆಂಜಮಿನ್ ಹೋಲ್ಟ್ ಕ್ಯಾಲಿಫೋರ್ನಿಯಾದಲ್ಲಿ 1904ರಲ್ಲಿ ಸ್ಟೀಮ್ ಟ್ರಾಕ್ಟರಿಗೆ ಚಕ್ರ ತೆಗೆದು ಚೈನ್ ಹಾಕಿ ನೋಡಿದ, ಅಲ್ಲಿನ ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತುಹೋಗುತ್ತಿತ್ತು. ಆದರೆ ಮುಂದೆ ಬ್ಲೇಡ್ ಬಂದಿದ್ದು 1923ರಲ್ಲಿ. ಕಾನ್ಸಾಸ್‌ನ ಒಬ್ಬ ರೈತ ಜೇಮ್ಸ್ ಕಮಿಂಗ್ಸ್ ಮತ್ತು ಡ್ರಾಫ್ಟ್ಸ್‌ಮನ್ ಅರ್ಲ್ ಮೆಕ್ಲಿಯಾಡ್ ಸೇರಿ ಟ್ರಾಕ್ಟರಿನ ಮುಂದೆ ಬ್ಲೇಡ್ ಕಟ್ಟಿದರು. ಪೈಪ್‌ಲೈನ್ ತೋಡಿದ ಗುಂಡಿಗೆ ಮಣ್ಣು ತಿರುಗಿ ತಳ್ಳುವುದಕ್ಕೆ. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ನಮ್ಮ ಮಷಿನ್ನಿನ ಬ್ಲೇಡ್ ಕೇಬಲ್ ಮೇಲೆ ನೇತಾಡುತ್ತಿತ್ತು, ನೆನಪಿದೆಯಾ? ಹಿಂದೆ ಕೇಬಲ್ ಸುತ್ತುವ ವಿಂಚ್, ಅಲ್ಲಿಂದ ತಲೆಯ ಮೇಲೆ ಹಾದು ಮುಂದಕ್ಕೆ ಕೇಬಲ್. ಎತ್ತಬಹುದು, ಬಿಡಬಹುದು. ಒತ್ತುವ ಹಾಗಿಲ್ಲ. ಹೈಡ್ರಾಲಿಕ್ ಬ್ಲೇಡ್ ಆದರೆ ಗಟ್ಟಿ ನೆಲದ ಮೇಲೆ ಮಷಿನ್ನಿನ ಮೂತಿಯನ್ನೇ ಎತ್ತುವಷ್ಟು ಒತ್ತುತ್ತದೆ, ಕೇಬಲ್ ಬ್ಲೇಡಿಗೆ ತನ್ನ ತೂಕ ಬಿಟ್ಟರೆ ಬೇರೆ ಬಲವಿಲ್ಲ. ಹಾಗಾಗಿ ಮಣ್ಣನ್ನೇ ಓದಬೇಕಿತ್ತು. ಎಲ್ಲಿ ಮೆತ್ತಗಿದೆ, ಎಲ್ಲಿ ಕಚ್ಚುತ್ತದೆ, ಎಲ್ಲಿ ಸುಮ್ನೆ ಜಾರಿಹೋಗುತ್ತದೆ. ಬ್ಲೇಡ್ ಮುಂದೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುವ ಮೊದಲೇ ಸೀಟಿನಲ್ಲಿ ಗೊತ್ತಾಗುತ್ತಿತ್ತು. ಹಿಂಭಾಗ ಸ್ವಲ್ಪ ಎದ್ದರೆ ಬ್ಲೇಡ್ ಆಳಕ್ಕೆ ಹೋಗುತ್ತಿದೆ, ಕೂಡಲೇ ಒಂದಿಷ್ಟು ಎತ್ತು. ಜಾಸ್ತಿ ಎತ್ತಿದೆಯೋ, ನೆಲದಲ್ಲಿ ದಿಬ್ಬ ಉಳಿಯಿತು. ಮುಂದಿನ ಸಲ ಚೈನ್ ಆ ದಿಬ್ಬ ಹತ್ತಿ ಇಳಿಯುವಾಗ ಬ್ಲೇಡೂ ಹತ್ತಿ ಇಳಿದು, ಒಂದು ದಿಬ್ಬ ಇದ್ದದ್ದು ಹತ್ತಾಗುತ್ತದೆ. ತಿಂಗಳುಗಟ್ಟಲೆ ನಾನು ನೆಲವನ್ನು ಹೀಗೇ ಅಲೆ ಅಲೆ ಮಾಡಿಟ್ಟೆ, ನೀನು ಬೈಯಲಿಲ್ಲ. ಹಿಂದೆ ಬಂದು ಸರಿ ಮಾಡಿ ಹೋಗುತ್ತಿದ್ದೆ.

ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ತಳ್ಳುವುದನ್ನೂ ನಿನ್ನಿಂದಲೇ ಕಲಿತೆ. ಎರಡೂ ಬದಿಗೆ ಚೆಲ್ಲಿದ ಮಣ್ಣು ಗೋಡೆಯ ಹಾಗೆ ನಿಲ್ಲುತ್ತದೆ, ಆಮೇಲೆ ಆ ಕಾಲುವೆಯ ಒಳಗೆ ತಳ್ಳಿದರೆ ಮಣ್ಣು ಪಕ್ಕಕ್ಕೆ ಹೋಗಲು ಜಾಗವೇ ಇಲ್ಲ, ಬ್ಲೇಡ್ ತುಂಬ ತುಂಬಿಕೊಂಡೇ ಮುಂದೆ ಹೋಗುತ್ತದೆ. ಅಷ್ಟೇ ಡೀಸೆಲ್‌ನಲ್ಲಿ ಎಷ್ಟು ಜಾಸ್ತಿ ಮಣ್ಣು! ಉಪಗ್ರಹ ಬಂದರೂ ಈ ಕೆಲಸ ಬದಲಾಗಿಲ್ಲ, ಅವನಿಗೆ ತಪ್ಪದೆ ಹೇಳಿಕೊಡು.

ಚೈನ್ ಕೆಲಸದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಬರೆದರೆ ಸೊಂಟ ಈಗಲೂ ನೋಯುತ್ತದೆ. ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನು, ಅದರ ಸುತ್ತಲ ಬುಷ್ ಒಂದು ಕಡೆ ಸವೆದ ಮೇಲೆ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದರೆ ಇನ್ನಷ್ಟು ಕಾಲ ಬಾಳುತ್ತಿತ್ತು. ಚೈನ್ ಬಿಚ್ಚಲು ತೆಗೆಯುವ ಮಾಸ್ಟರ್ ಪಿನ್ ಹೊಡೆಯುವಾಗ ನೀನು ದೊಡ್ಡ ಸುತ್ತಿಗೆ ಬೀಸುತ್ತಿದ್ದೆ, ನಾನು ಉದ್ದ ಹಿಡಿಯ ಪಂಚ್ ಹಿಡಿದು ಕೂರುತ್ತಿದ್ದೆ. ನಿನ್ನ ಒಂದು ಪೆಟ್ಟೂ ತಪ್ಪಲಿಲ್ಲ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಇದನ್ನು ಬರೆಯಲೆಂದೇ ಕೂತಿದ್ದು.

ಬೆಟ್ಟದ ಬದಿಯಲ್ಲಿ ದಾರಿ ಕಡಿಯುತ್ತಿದ್ದೆವು. ನನ್ನ ಬಲಕ್ಕೆ ಕಂದಕ. ಮಣ್ಣು ಅಂಚಿಗೆ ತಳ್ಳಿ ಬ್ಲೇಡ್ ಖಾಲಿ ಮಾಡಿಕೊಂಡು ಕೆಳಕ್ಕೆ ಇಳಿಯುತ್ತಿದ್ದೆ. ಎಡಕ್ಕೆ ತಿರುಗಬೇಕಿತ್ತು, ತಿರುಗಿಸುವ ಎರಡು ಲಿವರ್‌ಗಳಲ್ಲಿ ಎಡ ಲಿವರ್ ಎಳೆದೆ. ಮಷಿನ್ ಬಲಕ್ಕೆ ತಿರುಗಿತು. ಇನ್ನೂ ಎಳೆದೆ, ಇನ್ನೂ ಬಲಕ್ಕೆ. ಸಮ ನೆಲದಲ್ಲಿ ಎಡ ಲಿವರ್ ಎಳೆದರೆ ಎಡ ಚೈನಿಗೆ ಎಂಜಿನ್ನಿನ ಬಲ ತಪ್ಪುತ್ತದೆ, ಬಲ ಚೈನ್ ತಳ್ಳಿ ಎಡಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಎಂಜಿನ್ ತಳ್ಳುತ್ತಿರುವುದಿಲ್ಲ, ಹಿಡಿದು ನಿಲ್ಲಿಸುತ್ತಿರುತ್ತದೆ. ಅಲ್ಲಿ ಎಡ ಲಿವರ್ ಎಳೆದರೆ ಎಡ ಚೈನ್ ಹಿಡಿತ ತಪ್ಪಿ ಓಡುತ್ತದೆ, ಬಲ ಚೈನನ್ನು ಎಂಜಿನ್ ಹಿಡಿದಿರುತ್ತದೆ. ತಿರುವು ಉಲ್ಟಾ. ಜೊತೆಗೇ ಎಡ ಬ್ರೇಕ್ ಒತ್ತಬೇಕಿತ್ತು, ಇಲ್ಲವೇ ಬಲ ಲಿವರ್ ಎಳೆಯಬೇಕಿತ್ತು. ನೀನು ಹೇಳಿದ್ದೆ. ನನಗೆ ಗೊತ್ತೂ ಇತ್ತು. ಆ ಗಳಿಗೆಯಲ್ಲಿ ಕೈಗೆ ಗೊತ್ತಿರಲಿಲ್ಲ.

ನೀನು ಮೇಲೆ ಅಂಚಿನಲ್ಲಿ ನಿಂತಿದ್ದೆ. ಕೂಗಿದ್ದರೆ ಆ ಸದ್ದಿನಲ್ಲಿ ನನಗೆ ಕೇಳಿಸುತ್ತಿರಲಿಲ್ಲ, ಅದು ನಿನಗೆ ಗೊತ್ತಿತ್ತು. ನೀನು ಕೆಳಕ್ಕೆ ಓಡಿ ಬಂದು, ನನ್ನ ಕಣ್ಣಿಗೆ ಬೀಳುವ ಜಾಗದಲ್ಲಿ ನಿಂತು, ಎರಡೂ ಅಂಗೈ ನೆಲದ ಕಡೆಗೆ ಒತ್ತಿ ತೋರಿಸಿದೆ. ಬ್ಲೇಡ್ ಬಿಡು. ನಾನು ಲಿವರ್ ಕೈಬಿಟ್ಟು ಕೇಬಲ್ ಸಡಿಲಿಸಿದೆ. ಕೇಬಲ್ ಬ್ಲೇಡ್ ಆಗಿದ್ದೇ ಆ ದಿನ ಒಳ್ಳೆಯದಾಯಿತು, ತಡೆಯಿಲ್ಲದೆ ಧಡ್ ಅಂತ ಬಿದ್ದು ಮಣ್ಣಿಗೆ ಕಚ್ಚಿತು. ಮಷಿನ್ ನಿಂತಿತು. ಬಲ ಚೈನಿನ ಮುಂದೆ ಎಷ್ಟು ನೆಲ ಉಳಿದಿತ್ತು ಅಂತ ನಾನು ಇಳಿದು ನೋಡಲಿಲ್ಲ. ನೀನು ನೋಡಿದೆ, ಹೇಳಲಿಲ್ಲ.

ನೀನು ಹತ್ತಿ ಬಂದು ಪಕ್ಕದಲ್ಲಿ ನಿಂತು, ರಿವರ್ಸ್ ಹಾಕು ಅಂತ ಸನ್ನೆ ಮಾಡಿದೆ. ಮೇಲೆ ತಂದ ಮೇಲೆ ಮತ್ತೆ ಅದೇ ಇಳಿಜಾರಿಗೆ ಇಳಿಸಿದೆ, ಅದೇ ದಿನ, ನೀನು ಪಕ್ಕದಲ್ಲೇ ನಿಂತುಕೊಂಡು, ಪ್ರತಿ ತಿರುವಿಗೂ ನನ್ನ ಭುಜ ತಟ್ಟುತ್ತಾ. ಅವತ್ತು ಹಾಗೆ ಮಾಡದಿದ್ದರೆ ನಾನು ಮತ್ತೆ ಆ ಸೀಟಿನ ಮೇಲೆ ಕೂರುತ್ತಿರಲಿಲ್ಲ ಕಣೋ. ಕೆಲಸ ಮುಗಿದ ಮೇಲೆ ಇಬ್ಬರೂ ಡೀಸೆಲ್ ತುಂಬಿಸಿ, ಗ್ರೀಸ್ ಹೊಡೆದು, ಏನೂ ಮಾತಾಡದೆ ಮಲಗಿದೆವು. ಆಮೇಲೂ ಮಾತಾಡಲಿಲ್ಲ. ನಾನು ಒಂದು ಸಲವೂ ನಿನಗೆ ಧನ್ಯವಾದ ಅಂತ ಹೇಳಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ, ಈಗ ಹೇಳುತ್ತಿದ್ದೇನೆ.

ಮಗನನ್ನು ಮೊದಲ ಸಲ ಇಳಿಜಾರಿಗೆ ಬಿಡುವ ದಿನ ಯಾವುದು ಅಂತ ತಿಳಿಸು. ಫೋನ್ ಮಾಡಬೇಡ, ಬರೆದು ಕಳಿಸು. ನಾನು ಬರುತ್ತೇನೆ. ಅವನ ಮಷಿನ್ನಿನಲ್ಲಿ ಉಲ್ಟಾ ತಿರುಗುವ ತೊಂದರೆ ಇರಲಿಕ್ಕಿಲ್ಲ, ಆದರೂ ಕಣ್ಣಿಗೆ ಬೀಳುವ ಜಾಗದಲ್ಲಿ ಇಬ್ಬರೂ ನಿಲ್ಲೋಣ.

ನಿನ್ನ ಗೆಳೆಯ