ಬೇಜಾರಾಗದೆ ಇರುವುದೇ ಭಯ ಅಂದೆಯಲ್ಲ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸೋಮವಾರ ಬಂತು. ಜೊತೆಗೆ ‘ಐಲ್ಯಾಂಡ್ ಆಫ್ ದ ಬ್ಲೂ ಡಾಲ್ಫಿನ್ಸ್’ ಪುಸ್ತಕವೂ ಬಂತು, ದ್ವೀಪದಲ್ಲಿ ಒಬ್ಬಳೇ ಉಳಿದುಹೋದ ಹುಡುಗಿ ಕರಾನಾಳ ಕತೆ. ಮನೆ ವಿಷಯ, ತೋಟದ ವಿಷಯ ಎಲ್ಲ ನಿನ್ನ ಅಮ್ಮ ಹೇಳಿಯೇ ಇರುತ್ತಾಳೆ. ಅದನ್ನು ಬಿಡುತ್ತೇನೆ.

ನಾಲ್ಕು ಪುಟದ ಪತ್ರದಲ್ಲಿ ಒಂದು ಸಾಲು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಶನಿವಾರ, ಭಾನುವಾರ ಎರಡು ದಿನವೂ ಯಾರ ಹತ್ತಿರವೂ ಒಂದು ಮಾತಾಡದೆ ಕಳೆದುಹೋಗುತ್ತೆ, ಬೇಜಾರೂ ಆಗಲ್ಲ, ದೊಡ್ಡಮ್ಮ, ಬೇಜಾರಾಗದೆ ಇರೋದೇ ನನಗೆ ಭಯ ಅಂತ ಬರೆದಿದ್ದೀಯ. ಅದರ ಕೆಳಗಿನ ಸಾಲಿನಲ್ಲೇ ಪುಣೆಯ ಮಳೆ ಬಗ್ಗೆ ಶುರುಮಾಡಿದ್ದೀಯ. ನನಗೆ ಮಾತ್ರ ಮುಂದಕ್ಕೆ ಓದಲು ಆಗಲಿಲ್ಲ. ಪತ್ರ ಮಡಚಿಟ್ಟು ಅಂಗಳಕ್ಕೆ ಹೋಗಿ ನಿಂತೆ.

ಆ ಪುಸ್ತಕವನ್ನು ನೀನು ಮೊದಲು ಓದಿದ್ದು ಇದೇ ಅಂಗಳದಲ್ಲಿ. ಏಪ್ರಿಲ್ ರಜೆ. ಆರನೇ ಕ್ಲಾಸು ಮುಗಿದಿತ್ತು. ಓದಿ ಮುಗಿಸಿದ ಮರುದಿನ ಹಲಸಿನ ಮರದ ಬುಡದಲ್ಲಿ ಗೂಟ ನೆಟ್ಟು, ಅಡಿಕೆ ಸೋಗೆ ಕಟ್ಟಿ ಮನೆ ಮಾಡಿದೆ. ಕರಾನಾ ತಿಮಿಂಗಿಲದ ಪಕ್ಕೆಲುಬು ನೆಟ್ಟು ಬೇಲಿ ಕಟ್ಟಿದ್ದಳಂತೆ, ನಮ್ಮಲ್ಲಿ ತಿಮಿಂಗಿಲ ಇಲ್ಲವಲ್ಲ ದೊಡ್ಡಮ್ಮ ಅಂದಿದ್ದೆ. ಊಟಕ್ಕೆ ಕರೆದರೆ ಒಳಗಿಂದಲೇ ಬಟ್ಟಲು ಚಾಚುತ್ತಿದ್ದೆ. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ನನಗೆ ಆಗ ಎಷ್ಟು ಹೆಮ್ಮೆ ಗೊತ್ತಾ? ಈ ಹುಡುಗಿ ನನ್ನ ಹಾಗೆ, ಒಬ್ಬಳೇ ನಿಲ್ಲುತ್ತಾಳೆ ಅಂತ ತೋಟದ ಆಳುಗಳ ಲೈನ್ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಆ ಮಾತು ಆಡಬಾರದಿತ್ತು ಅಂತ ಈಗ ಅನ್ನಿಸುತ್ತಿದೆ.

ಪುಸ್ತಕ ಈ ವಾರ ನಾನೂ ಓದಿದೆ. ನನ್ನ ಇಂಗ್ಲಿಷ್ ನಿಧಾನ, ಆದರೆ ಮಕ್ಕಳ ಪುಸ್ತಕ ಅಲ್ವಾ, ಸಣ್ಣ ಸಣ್ಣ ವಾಕ್ಯ. ಸ್ಕಾಟ್ ಓಡೆಲ್ ಇದನ್ನು ಬರೆದದ್ದು 1960ರಲ್ಲಿ, ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಒಂದು ಜಾಗದಲ್ಲಿ ನನ್ನದೇ ಕತೆ ಅನ್ನಿಸಿತು. ಹೆಂಗಸು ಆಯುಧ ಮಾಡಬಾರದು ಅಂತ ಅವರ ಕುಲದಲ್ಲಿ ಕಟ್ಟು. ಮಾಡಿದರೆ ನಾಲ್ಕು ದಿಕ್ಕಿನ ಗಾಳಿ ಬಂದು ಉಸಿರು ಕಟ್ಟಿಸುತ್ತದೋ, ಭೂಮಿ ನಡುಗುತ್ತದೋ ಅಂತ ಹೆದರಿಕೊಂಡೇ ಅವಳು ಬಿಲ್ಲು ಮಾಡುತ್ತಾಳೆ. ನಿನ್ನ ದೊಡ್ಡಪ್ಪ ಹೋದ ಮೇಲೆ ಮೊದಲ ಶನಿವಾರದ ಬಟವಾಡೆ ನೆನಪಾಯಿತು. ನಮ್ಮ ಮನೆಯ ಹೆಂಗಸರು ಯಾರೂ ಆಳುಗಳಿಗೆ ಕೈಯಾರೆ ಸಂಬಳ ಎಣಿಸಿ ಕೊಟ್ಟವರಲ್ಲ. ನೋಟು ಎಣಿಸುವಾಗ ಕೈ ನಡುಗಿತ್ತು. ಕೊಟ್ಟು ಮುಗಿಸಿದೆ. ಏನೂ ಆಗಲಿಲ್ಲ. ಅದೇ ತಿಂಗಳು ನೆರಳಿನ ಮರದ ಕೊಂಬೆ ಕಡಿಸಿದೆ. ಕಾಫಿ ಮಾರಲು ನಾನೇ ಹೋದೆ. ಆಮೇಲೆ ಯಾರೂ ಬೇಡ ಅನ್ನಿಸಲು ಶುರುವಾಯಿತು. ನಿನಗೂ ಹೀಗೇ ಶುರುವಾಗಿರಬೇಕು. ಮೊದಲ ಸಂಬಳ, ಮೊದಲ ಬಾಡಿಗೆ ರೂಮು. ಅದು ತಪ್ಪಲ್ಲ ಪುಟ್ಟಿ. ಅದನ್ನು ತಪ್ಪು ಅಂತ ನಾನು ಹೇಗೆ ಹೇಳಲಿ?

ಆದರೆ ಬೇಜಾರಾಗದೆ ಇರುವುದು ಅಂದೆಯಲ್ಲ, ಅದು ಯಾವಾಗ ಬರುತ್ತದೆ ಅಂತ ಗೊತ್ತೇ ಆಗುವುದಿಲ್ಲ. ನನಗೆ ಅದು ಗೊತ್ತಾದದ್ದು ಒಂದು ಕಕ್ಕಡ 18ರ ದಿನ, ನಮ್ಮ ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮದ್ದುಸೊಪ್ಪು ಕುದಿಸಿ, ಆ ನೇರಳೆ ನೀರಿನಲ್ಲಿ ಪಾಯಸ ಮಾಡಿದ್ದೆ. ಒಂದೇ ಒಂದು ಲೋಟದಷ್ಟು. ಒಲೆಯ ಹತ್ತಿರ ನಿಂತೇ ತಿಂದು, ಪಾತ್ರೆ ತೊಳೆದಿಟ್ಟೆ. ಮುಂಚೆ ಆ ದಿನ ಈ ಮನೆಯಲ್ಲಿ ದೊಡ್ಡ ಪಾತ್ರೆ ಇಳಿಸುತ್ತಿದ್ದೆವು. ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಪಾತ್ರೆ ಕಡಿಮೆ ಆಯಿತು, ಒಳ್ಳೆಯದೇ ಅಂದುಕೊಂಡೆ.

ಇನ್ನೊಂದು ಹೇಳುತ್ತೇನೆ. ನಿನ್ನ ಅಮ್ಮನಿಗೆ ಇದನ್ನು ಯಾವತ್ತೂ ಹೇಳಿಲ್ಲ. ನೀನು ಚಿಕ್ಕವಳಿದ್ದಾಗ ಒಂದು ದೀಪಾವಳಿಗೆ ಅವಳು ನನ್ನನ್ನು ಕರೆದುಕೊಂಡು ಹೋಗಲು ಮೈಸೂರಿನಿಂದ ಒಬ್ಬಳೇ ಬಂದಿದ್ದಳು. ಅಕ್ಕ, ಒಂದು ತಿಂಗಳು ಬಂದು ಇರು ಅಂದಳು. ತೋಟ ಯಾರು ನೋಡುತ್ತಾರೆ ಅಂದೆ. ಹದಿನೈದು ದಿನ ಅಂದಳು. ನನಗೆ ಯಾರೂ ಬೇಕಾಗಿಲ್ಲ, ನಾನು ಚೆನ್ನಾಗಿದ್ದೇನೆ ಅಂದೆ. ಆ ದಿನ ಮಳೆ ಹನಿಯುತ್ತಿತ್ತು. ಬಸ್ಸಿನವರೆಗೆ ಹೋಗಿ ಕಳಿಸಲೂ ಇಲ್ಲ. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕಿದ್ದು ಅಡುಗೆಮನೆಗೆ ಕೇಳಿಸಿತು. ಆಗ ಓಡಿದೆ. ಚಪ್ಪಲಿ ಕೂಡ ಹಾಕಿರಲಿಲ್ಲ. ರಸ್ತೆ ಮುಟ್ಟುವಾಗ ಬಸ್ಸು ಹೋಗಿಯಾಗಿತ್ತು.

ಪುಸ್ತಕದಲ್ಲಿ ಕರಾನಾಗೂ ಹೀಗೇ ಆಗುತ್ತದೆ ಅಲ್ವಾ. ಹಡಗು ಬರುತ್ತದೆ, ದಡದಿಂದ ಮನುಷ್ಯನ ದನಿ ಕೇಳುತ್ತದೆ, ಅವಳು ಓಡಿ ಬರುವಷ್ಟರಲ್ಲಿ ಹಡಗು ತಿರುಗಿರುತ್ತದೆ. ಅವಳಿಗೆ ಎರಡು ವಸಂತ ಕಳೆದ ಮೇಲೆ ಹಡಗು ಮತ್ತೆ ಬಂತು. ನಿನ್ನ ಅಮ್ಮ ಮತ್ತೆ ಯಾವತ್ತೂ ಬಂದಿರು ಅಂತ ಕರೆಯಲಿಲ್ಲ. ಫೋನ್ ಮಾಡುತ್ತಾಳೆ. ಕಾಫಿ ರೇಟು ಕೇಳುತ್ತಾಳೆ. ನಾನು ಹೇಳುತ್ತೇನೆ. ಅಷ್ಟೇ.

ಇದನ್ನೆಲ್ಲ ನಿನಗೆ ಬರೆದು ಭಯ ಜಾಸ್ತಿ ಮಾಡಿದೆನಾ? ಕ್ಷಮಿಸು. ಬುದ್ಧಿ ಹೇಳಲು ಕೂತು ನನ್ನ ಕತೆ ಹೇಳುತ್ತಿದ್ದೇನೆ.

ಕರಾನಾಳ ಕತೆಗೆ ಮೂಲವಾದ ನಿಜವಾದ ಹೆಂಗಸು ದ್ವೀಪ ಬಿಟ್ಟು ಜನರ ನಡುವೆ ಬಂದ ಏಳೇ ವಾರಕ್ಕೆ ಸತ್ತಳು ಅಂತ ಎರಡು ಸಲ ಬರೆದಿದ್ದೀಯ. ಎರಡನೇ ಸಲ ಅದರ ಕೆಳಗೆ ಗೀಟು ಎಳೆದಿದ್ದೀಯ. ಮೊನ್ನೆ ನಿನ್ನ ಅಣ್ಣ ಬಂದಿದ್ದಾಗ ಅವಳ ಬಗ್ಗೆ ಫೋನಿನಲ್ಲಿ ಹುಡುಕಿಸಿ ಓದಿಸಿಕೊಂಡೆ. ಕ್ಯಾಲಿಫೋರ್ನಿಯಾದ ಸ್ಯಾನ್ ನಿಕೋಲಸ್ ದ್ವೀಪ. 1835ರಲ್ಲಿ ಅವಳ ಜನರನ್ನೆಲ್ಲ ಹಡಗಿನಲ್ಲಿ ಕರೆದೊಯ್ದರು, ಅವಳು ಉಳಿದಳು. 1853ರಲ್ಲಿ ಜಾರ್ಜ್ ನಿಡೆವರ್ ಅನ್ನುವ ಬೇಟೆಗಾರನ ಗುಂಪಿಗೆ ಸಿಕ್ಕಳು. ಹದಿನೆಂಟು ವರ್ಷ. ಸಾಂಟಾ ಬಾರ್ಬರಾಕ್ಕೆ ಕರೆತಂದರೆ ಅವಳ ಭಾಷೆ ಸರಿಯಾಗಿ ತಿಳಿದವರು ಯಾರೂ ಸಿಗಲಿಲ್ಲವಂತೆ. ಅವಳು ಆಡಿದ್ದರಲ್ಲಿ ನಾಲ್ಕು ಶಬ್ದ ಬರೆದಿಟ್ಟಿದ್ದಾರೆ. ತೊಗಲು, ಮನುಷ್ಯ, ಆಕಾಶ, ದೇಹ. ಅವಳ ಸ್ವಂತ ಹೆಸರು ಕೂಡ ಯಾರಿಗೂ ಗೊತ್ತಾಗಲಿಲ್ಲ. ಹುವಾನಾ ಮರಿಯಾ ಅನ್ನುವುದು ಅವರು ಇಟ್ಟ ಹೆಸರು. ಸತ್ತದ್ದು ಭೇದಿಯಿಂದ. ಜನರ ನಡುವೆ ಬಂದದ್ದಕ್ಕೆ ಎದೆ ಒಡೆದು ಸತ್ತಳು ಅಂತ ನೀನು ಅಂದುಕೊಂಡಿದ್ದೀಯ ಅಂತ ಕಾಣುತ್ತದೆ. ಹಾಗಲ್ಲ ಪುಟ್ಟಿ.

ನೀನು ಬರೆಯದೆ ಬಿಟ್ಟದ್ದು ಒಂದಿದೆ. ಅವಳನ್ನು ಕಂಡವರು ಹೇಳಿದ್ದು. ಅವರು ಹತ್ತಿರ ಹೋದಾಗ ಅವಳು ಸೀಲ್ ಪ್ರಾಣಿಯ ತೊಗಲಿನಿಂದ ಕೊಬ್ಬು ಕೆರೆಯುತ್ತಾ ತನ್ನಷ್ಟಕ್ಕೆ ತಾನೇ ಮಾತಾಡುತ್ತಿದ್ದಳಂತೆ. ಬಿಡದೆ ಮಾತಾಡುತ್ತಿದ್ದಳಂತೆ. ಅವರನ್ನು ನೋಡಿ ಓಡಲಿಲ್ಲ, ನಕ್ಕಳು. ಆಮೇಲೆ ಗೆಡ್ಡೆ ತೆಗೆದು ಬೆಂಕಿಯಲ್ಲಿ ಸುಟ್ಟು ಅವರಿಗೆ ತಿನ್ನಲು ಕೊಟ್ಟಳು. ಹದಿನೆಂಟು ವರ್ಷ ಆದ ಮೇಲೆ ಮನೆಗೆ ಜನ ಬಂದಿದ್ದಾರೆ, ಮೊದಲು ಊಟ! ಇದನ್ನು ನಿನ್ನ ಅಣ್ಣ ಓದುವಾಗ ನಾನು ಅತ್ತುಬಿಟ್ಟೆ. ಅವನು ಗಾಬರಿಯಾದ.

ಯಾಕೆ ಅತ್ತೆ ಅಂದರೆ, 2018ರ ಆಗಸ್ಟ್. ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡ ಇಳಿದದ್ದು, ನಾವು ಮಡಿಕೇರಿಗೆ ಬಂದದ್ದು ನಿನಗೆ ಗೊತ್ತು. ಪಕ್ಕದ ತೋಟದ ಹುಡುಗರು ಎರಡು ಸಲ ಬಾಗಿಲು ತಟ್ಟಿದರೂ ನಾನು ತೆಗೆಯದೆ ಇದ್ದದ್ದು ಗೊತ್ತಿಲ್ಲ. ನೀವು ಹೋಗಿ, ನಾನು ನೋಡಿಕೊಳ್ಳುತ್ತೇನೆ ಅಂತ ಒಳಗಿಂದಲೇ ಕೂಗಿದೆ. ಹಿಂದಿನ ಗುಡ್ಡ ಗುಡುಗಿನ ಹಾಗೆ ಸದ್ದು ಮಾಡುತ್ತಿತ್ತು. ಮೂರನೇ ಸಲ ಅವರಲ್ಲಿ ಒಬ್ಬ ಅಳುತ್ತಿದ್ದ. ಆಗ ತೆಗೆದೆ. ಹಸುವಿನ ಹಗ್ಗ ಬಿಚ್ಚಿಬಿಟ್ಟು ಅವರ ಹಿಂದೆ ನಡೆದೆ.

ಗಂಜಿ ಕೇಂದ್ರದ ಹಾಲ್‌ನಲ್ಲಿ ಅಷ್ಟು ಜನ. ನನಗೆ ಮಾತೇ ಹೊರಡಲಿಲ್ಲ. ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಇಷ್ಟು ವರ್ಷದಲ್ಲಿ ನನ್ನೊಳಗೆ ಏನೋ ಒಣಗಿಹೋಗಿದೆ ಅಂತ ಹೆದರಿದೆ. ನೀನು ಈಗ ಹೆದರುತ್ತಿರುವ ಹಾಗೇ. ಮೂರನೇ ದಿನ ಬೆಳಿಗ್ಗೆ ಒಬ್ಬ ಹೆಂಗಸು ಹೆಸರು ಕೂಡ ಕೇಳದೆ ನನ್ನ ಮುಂದೆ ಒಂದು ರಾಶಿ ಬೀನ್ಸ್ ಸುರಿದು ಚಾಕು ಕೊಟ್ಟಳು. ಹೆಚ್ಚುತ್ತಾ ಕೂತೆ. ಇಷ್ಟು ದಪ್ಪ ಸಾಕಾ ಅಂತ ಕೇಳಿದೆ. ಅದೇ ಮೊದಲ ಮಾತು. ಸಂಜೆ ಹೊತ್ತಿಗೆ ಸಾಂಬಾರಿಗೆ ಉಪ್ಪು ಕಡಿಮೆ ಅಂತ ಜಗಳವನ್ನೂ ಆಡಿದ್ದೆ.

ಹಾಗಾಗಿ, ನಿನ್ನ ರೂಮಿನಲ್ಲಿ ಏನು ಮಾಡಬಹುದು ಅಂತ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಪುಣೆ ನಾನು ನೋಡಿಲ್ಲ. ಅನ್ನ ಮಾಡುವಾಗ ಅರ್ಧ ಪಾವು ಜಾಸ್ತಿ ಹಾಕು. ತಿನ್ನಲು ಯಾರೂ ಇಲ್ಲದಿದ್ದರೂ ಹಾಕು, ಮರುದಿನ ಚಿತ್ರಾನ್ನ ಆಗುತ್ತದೆ. ಮಹಡಿಯ ಮೇಲಿನ ಅಜ್ಜಿ ಬಗ್ಗೆ ಬರೆದಿದ್ದೆಯಲ್ಲ, ಅವರಿಗೆ ಕೊಡಬಹುದೇನೋ. ಕೊಡಲೇಬೇಕು ಅಂತಲ್ಲ. ಒಬ್ಬಳೇ ಇರುವಾಗ ಬಾಯಿಬಿಟ್ಟು ಮಾತಾಡಿಕೋ, ನಾಚಿಕೆ ಬೇಡ. ನಾನು ಈಗ ಕಾಫಿ ಗಿಡಗಳ ಹತ್ತಿರ ಮಾತಾಡುತ್ತೇನೆ. ಮತ್ತೆ ಯಾರಾದರೂ ಕರೆದರೆ, ಬರಲ್ಲ ಅನ್ನುವ ಮುಂಚೆ ಒಂದು ರಾತ್ರಿ ಬಿಟ್ಟು ಹೇಳು.

ಬೇಜಾರಾಗದೆ ಇರುವುದು ಭಯ ಅಂತ ನಿನಗೆ ಈ ವಯಸ್ಸಿನಲ್ಲೇ ಅನ್ನಿಸಿದೆ. ನನಗೆ ಆ ಪಾಯಸದ ದಿನ ಅನ್ನಿಸಲಿಲ್ಲ. ಇದನ್ನು ನೆನೆಸಿಕೊಂಡಾಗ ಸ್ವಲ್ಪ ಸಮಾಧಾನ ಆಗುತ್ತದೆ. ರಾತ್ರಿ ಮತ್ತೆ ಆ ಸಾಲು ಬರುತ್ತದೆ, ಸಮಾಧಾನ ಹೋಗುತ್ತದೆ.

ಪುಸ್ತಕ ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ. ಹಡಗು ತಪ್ಪಿಹೋಗುವ ಅಧ್ಯಾಯ ಇನ್ನೊಂದು ಸಲ ಓದಬೇಕು. ಮಳೆ ಈಗಷ್ಟೇ ಬಿಟ್ಟಿದೆ. ಫೋನಿಗೆ ಸಿಗ್ನಲ್ ಸಿಗುವುದು ಗೇಟಿನ ಹತ್ತಿರ ಮಾತ್ರ, ಅಲ್ಲಿಗೆ ಹೋಗುತ್ತಿದ್ದೇನೆ. ಈ ದೀಪಾವಳಿಗೆ ನಾನು ಬರಲಾ ಅಂತ ನಿನ್ನ ಅಮ್ಮನನ್ನು ಕೇಳಬೇಕು.

ನಿನ್ನ
ದೊಡ್ಡಮ್ಮ