ದೂರು: ನಿಮ್ಮ ಫೋಟೋ ಟ್ರಾನ್ಸ್‌ಫರ್ ಮೀಡಿಯಂ ಬಾಟಲಿಯ ಮೇಲೆ ಬರೆದಿರುವುದು ನಿಜವಲ್ಲ

ಕುಂದುಕೊರತೆ ಅಧಿಕಾರಿಗಳಿಗೆ,

ನಮಸ್ಕಾರ. ನಿಮ್ಮ ವೆಬ್‌ಸೈಟ್‌ನಿಂದ ತರಿಸಿಕೊಂಡ ಫೋಟೋ ಟ್ರಾನ್ಸ್‌ಫರ್ ಮೀಡಿಯಂ, ಅಂದರೆ ಕಾಗದದ ಮೇಲಿನ ಚಿತ್ರವನ್ನು ಬೇರೆ ವಸ್ತುವಿನ ಮೇಲೆ ಇಳಿಸುವ ಅಂಟಿನ ಬಗ್ಗೆ ಈ ದೂರು. 250 ಮಿ.ಲೀ.ನ ನಾಲ್ಕು ಬಾಟಲಿ, ಒಂದಕ್ಕೆ 620 ರೂಪಾಯಿ. ಬಿಲ್, ಬಾಟಲಿಯ ಫೋಟೋ, ಹಾಳಾದ ಕ್ಯಾನ್‌ಗಳ ಫೋಟೋ, ನಿಮ್ಮವರ ಜೊತೆ ನಡೆದ ಚಾಟ್, ಎಲ್ಲಾ ಇದರ ಜೊತೆ ಇಟ್ಟಿದ್ದೇನೆ. ಚಾಟ್‌ನಲ್ಲಿ ಬಂದ ಉತ್ತರ ನೋಡಿದರೆ ಯಾರೂ ನನ್ನ ಮೆಸೇಜ್ ಪೂರ್ತಿ ಓದಿದ ಹಾಗಿಲ್ಲ. ಅದಕ್ಕೇ ಬಿಡಿಸಿ ಬರೆಯುತ್ತಿದ್ದೇನೆ.

ನಾನು, ನನ್ನ ಅತ್ತಿಗೆ ಸೇರಿ ಶಿವಮೊಗ್ಗದಲ್ಲಿ ಮನೆಯಿಂದಲೇ ಒಂದು ಚಿಕ್ಕ ಕೆಲಸ ಮಾಡುತ್ತೇವೆ. ಗುಜರಿ ಅಂಗಡಿಯಲ್ಲಿ ಜಜ್ಜಿಹೋಗದ ಅಲ್ಯೂಮಿನಿಯಂ ಕ್ಯಾನ್ ಆರಿಸಿ ತಂದು, ತೊಳೆದು, ಮೇಲಿನ ಮುಚ್ಚಳ ತೆಗೆದು, ಅಂಚು ಕೈ ಕುಯ್ಯದ ಹಾಗೆ ಉಜ್ಜಿ, ಬಣ್ಣ ಹಚ್ಚಿ ಪೆನ್ ಸ್ಟ್ಯಾಂಡ್, ಗಿಡದ ಕುಂಡ ಮಾಡಿ ಮಾರುತ್ತೇವೆ. ಈ ಸಲ ಒಂದು ಮನೆಯವರು ಅಜ್ಜ-ಅಜ್ಜಿಯ ಸಹಸ್ರ ಚಂದ್ರ ದರ್ಶನಕ್ಕೆ ಬಂದವರಿಗೆಲ್ಲ ತುಳಸಿ ಸಸಿ ಕೊಡಬೇಕು, ಕುಂಡದ ಮೇಲೆ ಅವರ ಮದುವೆಯ ಕಪ್ಪು-ಬಿಳುಪು ಫೋಟೋ ಇರಬೇಕು ಅಂದರು. ಅದಕ್ಕೆಂದೇ ನಿಮ್ಮ ಮೀಡಿಯಂ ತರಿಸಿದೆವು.

ಬಾಟಲಿಯ ಮೇಲೆ ಏನಿದೆ ಅಂತ ನಿಮಗೆ ಗೊತ್ತು, ಆದರೂ ಬರೆಯುತ್ತೇನೆ. ಯಾವ ಪ್ರಿಂಟ್ ಆದರೂ ನಡೆಯುತ್ತದೆ. ಗಾಜು, ಮರ, ಲೋಹ ಯಾವುದಾದರೂ ಸರಿ. ಪ್ರೈಮರ್ (ಅಂಟು, ಬಣ್ಣ ಕಚ್ಚಲೆಂದು ಮೊದಲು ಹೊಡೆಯುವ ಪದರ) ಬೇಡ. ಒಣಗಿದ ಮೇಲೆ ಪೂರ್ತಿ ಪಾರದರ್ಶಕ, ವಾಟರ್‌ಪ್ರೂಫ್. ನನ್ನ ಅನುಭವದಲ್ಲಿ ಇದರಲ್ಲಿ ಹೆಚ್ಚಿನ ಮಾತು ನಿಲ್ಲಲಿಲ್ಲ.

ಮೊದಲು ಪ್ರಿಂಟ್ ವಿಷಯ. ಫೋಟೋವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಮಾಡಿ ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ತೆಗೆದು, ನೀವು ಹೇಳಿದ ಹಾಗೆ ಮೀಡಿಯಂ ಬಳಿದು, ಚಿತ್ರದ ಮುಖ ಕ್ಯಾನಿನ ಕಡೆ ಬರುವ ಹಾಗೆ, ಗುಳ್ಳೆ ಇಲ್ಲದೆ ಅಂಟಿಸಿ, 24 ಗಂಟೆ ಒಣಗಲು ಬಿಟ್ಟೆವು. ಆಮೇಲೆ ಚಿತ್ರ ಮಾತ್ರ ಉಳಿದು ಕಾಗದ ಹೋಗಲಿ ಅಂತ ಒದ್ದೆ ಸ್ಪಂಜಿನಿಂದ ಕಾಗದ ಉಜ್ಜಲು ಶುರು ಮಾಡಿದ ಕೂಡಲೇ ಕಪ್ಪೆಲ್ಲ ನೀಲಿ, ನೇರಳೆಯಾಗಿ ಹರಿಯಿತು. ಅಜ್ಜಿಯ ಮೂಗುತಿ ಇದ್ದ ಜಾಗದಿಂದ ಬಣ್ಣ ಇಳಿದು ತುಟಿ, ಗಲ್ಲ ಎಲ್ಲಾ ಒಂದಾಗಿ ಹೋಯಿತು. ಅಜ್ಜನ ಪೇಟ ಗುರುತು ಸಿಗಲಿಲ್ಲ. ಇದು ಹೀಗೇ ಆಗುವುದು, ಏಕೆಂದರೆ ಮನೆಯ ಇಂಕ್‌ಜೆಟ್‌ಗಳ ಬಣ್ಣದ ಇಂಕ್ ಹೆಚ್ಚಾಗಿ ನೀರಿನಲ್ಲಿ ಕರಗುವಂಥದ್ದು, ಈ ವಿಧಾನದಲ್ಲಿ ನೀರು ಹಾಕದೆ ಕಾಗದ ಬಿಡುವುದಿಲ್ಲ. ಲೇಸರ್ ಪ್ರಿಂಟ್ ಬೇರೆ. ಅದರ ಟೋನರ್ ಪ್ಲಾಸ್ಟಿಕ್ ಪುಡಿ, ಬಿಸಿಗೆ ಕರಗಿ ಕಾಗದಕ್ಕೆ ಕೂತಿರುತ್ತದೆ, ನೀರಿಗೆ ಬಿಡುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಅದೇ ಫೋಟೋದ ಲೇಸರ್ ಪ್ರಿಂಟ್ ತೆಗೆಸಿದಾಗ ಬಣ್ಣ ಒಂಚೂರೂ ಹರಿಯಲಿಲ್ಲ. ಹಾಗಿದ್ದ ಮೇಲೆ 'ಲೇಸರ್ ಪ್ರಿಂಟ್ ಮಾತ್ರ' ಅಂತ ಬಾಟಲಿ ಮೇಲೆ ಬರೆಯಬೇಕಿತ್ತು ಅಲ್ವಾ? ಇದನ್ನು ತಯಾರಿಸುವ ನಿಮಗೆ ಇಷ್ಟು ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ.

ಬಣ್ಣ ನಿಂತರೂ ಚಿತ್ರ ನಿಲ್ಲಲಿಲ್ಲ. ಉಜ್ಜುವಾಗ ಅಂಚಿನಲ್ಲಿ ಎದ್ದ ಪದರ ಹಾಲಿನ ಕೆನೆಯ ಹಾಗೆ ಇಡಿಯಾಗಿ ಕೈಗೆ ಬಂತು. ಕ್ಯಾನ್ ಮೇಲೆ ಕಂಪನಿಯ ಚಿತ್ರ, ಅದರ ಮೇಲೆ ವಾರ್ನಿಷ್ ಫ್ಯಾಕ್ಟರಿಯಲ್ಲೇ ಹಾಕಿರುತ್ತಾರೆ. ಅಷ್ಟು ನುಣುಪಾದ ಮೈ ಮೇಲೆ ಇಂಥದ್ದು ಸುಲಭವಾಗಿ ಕಚ್ಚಿ ನಿಲ್ಲುವುದಿಲ್ಲ. ಆಮೇಲೆ ನಾವೇ ಯೋಚನೆ ಮಾಡಿ 400 ನಂಬರ್ ಉಪ್ಪುಕಾಗದದಿಂದ ಕ್ಯಾನ್ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ಬಿಳಿ ಪ್ರೈಮರ್ ಹೊಡೆದು, ಅದರ ಮೇಲೆ ಲೇಸರ್ ಪ್ರಿಂಟ್ ಇಳಿಸಿದಾಗ ಚಿತ್ರ ಚೆನ್ನಾಗಿಯೇ ಬಂತು. ನಿಮ್ಮ ಮೀಡಿಯಂ ಅಂಟುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಅಂಟಬೇಕಾದರೆ ಏನೇನು ಬೇಕೋ ಅದನ್ನೆಲ್ಲ ನೀವು 'ಬೇಡ' ಅಂತ ಅಚ್ಚು ಹಾಕಿಸಿ ಮಾರುತ್ತಿದ್ದೀರಿ, ನನ್ನ ದೂರು ಅದು.

ಇನ್ನು ಮೀಡಿಯಂ ಬಳಸುವುದನ್ನು ತೋರಿಸುವ ನಿಮ್ಮ ವಿಡಿಯೋ. ಇದರ ಬಗ್ಗೆ ಚಾಟ್‌ನಲ್ಲಿ ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಅದರಲ್ಲಿ ಒಬ್ಬರು ಖಾಲಿ ಬೆಳ್ಳಿ ಬಣ್ಣದ ಕ್ಯಾನ್ ತೋರಿಸುತ್ತಾರೆ, ಮೀಡಿಯಂ ಬಳಿಯುತ್ತಾರೆ, ಮುಂದಿನ ದೃಶ್ಯದಲ್ಲಿ ಮಲ್ಲಿಗೆ ಹೂವಿನ ಚಿತ್ರ ಬಂದಿರುತ್ತದೆ, ಹೂವು ಅಚ್ಚ ಬಿಳಿ. ಮಾಮೂಲಿ ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಇರುವುದಿಲ್ಲ, ಚಿತ್ರದಲ್ಲಿ ಬಿಳಿ ಇರುವ ಕಡೆ ಅದು ಕಾಗದವನ್ನು ಹಾಗೇ ಬಿಡುತ್ತದೆ, ಕಾಗದ ತೆಗೆದ ಮೇಲೆ ಆ ಜಾಗದಲ್ಲಿ ಹಿಂದಿನ ಮೈ ಕಾಣಬೇಕು. ಮೀಡಿಯಂ ಪಾರದರ್ಶಕ ಅಂತ ನೀವೇ ಹೇಳುತ್ತೀರಿ. ಹಾಗಾದರೆ ಹೂವು ಬೆಳ್ಳಿ ಬಣ್ಣದಲ್ಲಿ ಬರಬೇಕಿತ್ತು, ಪ್ರೈಮರ್ ಇಲ್ಲದೆ ಇಳಿಸಿದಾಗ ನಮ್ಮಲ್ಲಿ ಬಂದದ್ದೂ ಹಾಗೇ, ಅಜ್ಜನ ಬಿಳಿ ಪಂಚೆ ಪೂರಾ ಲೋಹದ ಬಣ್ಣ. ವಿಡಿಯೋ ನಿಲ್ಲಿಸಿ ನೋಡಿದರೆ ಆ ಕ್ಯಾನಿನ ತಳದ ಅಂಚಿನಲ್ಲಿ ಬಿಳಿ ಬಣ್ಣದ ಗೆರೆ ಎದ್ದು ಕಾಣುತ್ತದೆ. ಕ್ಯಾನಿಗೆ ಮೊದಲೇ ಬಿಳಿ ಹೊಡೆದು, ಆ ಭಾಗ ಕತ್ತರಿಸಿ ತೋರಿಸಿದ್ದೀರಿ. ನಮ್ಮಂಥವರು ಆ ವಿಡಿಯೋ ನೋಡಿಯೇ ದುಡ್ಡು ಕೊಡುವುದು.

ವಾಟರ್‌ಪ್ರೂಫ್ ಅನ್ನುವುದು ಎಲ್ಲಕ್ಕಿಂತ ಕೆಟ್ಟದ್ದು. ಚೆನ್ನಾಗಿ ಬಂದ ಕ್ಯಾನಿಗೆ ತಳದಲ್ಲಿ ತೂತು ಮಾಡಿ, ಮಣ್ಣು ತುಂಬಿ, ಸಸಿ ನೆಟ್ಟು ನೀರು ಹಾಕಿ ನೋಡಿದೆವು. ನೀರು ಇಳಿದ ದಾರಿಯಲ್ಲೆಲ್ಲ ಮೀಡಿಯಂ ಹಾಲಿನ ಬಣ್ಣಕ್ಕೆ ತಿರುಗಿ ಮೆತ್ತಗಾಯಿತು, ಉಗುರು ತಾಗಿದರೆ ಎದ್ದು ಬರುತ್ತಿತ್ತು. ಮೇಲೆ ಬೇರೆ ವಾರ್ನಿಷ್ ಸ್ಪ್ರೇ ಹೊಡೆಯಬೇಕು ಅನ್ನುವುದಾದರೆ ಅದನ್ನೂ ಬರೆಯಿರಿ. ಆ ಸ್ಪ್ರೇ ಏನು ಸುಮ್ನೆ ಸಿಗುವುದಿಲ್ಲ, ಪ್ರೈಮರ್‌ಗೂ ದುಡ್ಡು, ಉಪ್ಪುಕಾಗದಕ್ಕೂ ದುಡ್ಡು. ಮೊದಲೇ ಗೊತ್ತಿದ್ದರೆ ನಾವು ರೇಟ್ ಹಾಗೆ ಹೇಳುತ್ತಿದ್ದೆವು, ಅಥವಾ ಆರ್ಡರ್ ಬೇಡ ಅನ್ನುತ್ತಿದ್ದೆವು. ಈಗ ಮುಂಗಡ ವಾಪಸ್ ಕೊಟ್ಟಿದ್ದೇವೆ. ಆ ಮನೆಯವರು ಒಂದು ಮಾತೂ ಬೈಯಲಿಲ್ಲ, ಆದರೆ ಅವರಿಗೆ ಬೇಕಾಗಿದ್ದ ದಿನಕ್ಕೆ ನಾವು ಕೊಡಲಾಗಲಿಲ್ಲ.

ಬಾಟಲಿ ಬಗ್ಗೆ ಇನ್ನೊಂದು. ತಯಾರಾದ ತಿಂಗಳು, ವರ್ಷ ಇರಬೇಕಾದ ಜಾಗದಲ್ಲಿ ನಿಮ್ಮ ಆಫರ್ ಸ್ಟಿಕ್ಕರ್ ಅಂಟಿಸಿದ್ದೀರಿ. ಕಿತ್ತರೆ ಕೆಳಗಿನ ಅಕ್ಷರವೂ ಕಿತ್ತು ಬರುತ್ತದೆ. ಪ್ಯಾಕ್ ಮಾಡಿ ಮಾರುವ ವಸ್ತುವಿನ ಮೇಲೆ ಅದು ಕಾಣುವ ಹಾಗೆ ಇರಲೇಬೇಕು.

ನಿಮ್ಮವರು ಕೊಟ್ಟ ಉತ್ತರ ಎರಡೇ. ಕೈಕೆಲಸದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಥರ ಬರುತ್ತದೆ ಅನ್ನುವುದು ಒಂದು. ಇಂಕ್ ನೀರಿನಲ್ಲಿ ಕರಗುವುದು ಯಾರ ಕೈಯಲ್ಲಾದರೂ ಒಂದೇ. ಸೀಲ್ ಒಡೆದ ಬಾಟಲಿ ವಾಪಸ್ ಇಲ್ಲ ಅನ್ನುವುದು ಇನ್ನೊಂದು. ಸೀಲ್ ಒಡೆಯದೆ ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದು ಹೇಗೆ ಅಂತ ನೀವೇ ಹೇಳಿ. ಜಾಹೀರಾತಿನಲ್ಲಿ ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ವಾಪಸ್ ತಗೊಳ್ಳುವುದಿಲ್ಲ ಅನ್ನುವ ಹಾಗಿಲ್ಲ, 2020ರ ಇ-ಕಾಮರ್ಸ್ ನಿಯಮದಲ್ಲಿ ಇದು ಸ್ಪಷ್ಟವಾಗಿದೆ. ಅದೇ ನಿಯಮದ ಪ್ರಕಾರ ಈ ದೂರು ಬಂದಿದೆ ಅಂತ ನೀವು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ನಾಲ್ಕು ಬಾಟಲಿಯ 2,480 ರೂಪಾಯಿ ಪೂರ್ತಿ ನನ್ನ ಖಾತೆಗೆ ವಾಪಸ್ ಹಾಕಿ. ಮುಂದಿನ ಖರೀದಿಗೆ ಕೂಪನ್ ಕೊಡುತ್ತೇವೆ ಅಂದಿದ್ದರು, ನನಗೆ ಕೂಪನ್ ಬೇಡ. ಉಳಿದಿರುವ ಬಾಟಲಿಗಳನ್ನು ನಿಮ್ಮ ಖರ್ಚಿನಲ್ಲೇ ತೆಗೆದುಕೊಂಡು ಹೋಗಿ. ದುಡ್ಡಿಗಿಂತ ಜಾಸ್ತಿ ನನಗೆ ಬೇಕಾಗಿರುವುದು ಲೇಬಲ್ ಬದಲಾಗುವುದು: ಲೇಸರ್ ಪ್ರಿಂಟ್ ಮಾತ್ರ, ಲೋಹಕ್ಕೆ ಉಜ್ಜಿ ಬಿಳಿ ಪ್ರೈಮರ್ ಹಾಕಬೇಕು, ನೀರು ತಾಗುವ ವಸ್ತುವಾದರೆ ಮೇಲೆ ವಾರ್ನಿಷ್ ಬೇಕು. ಇಷ್ಟು ಬರೆಯಲು ಬಾಟಲಿಯಲ್ಲಿ ಜಾಗ ಇದೆ. ಅಲ್ಲಿಯತನಕ ಆ ವಿಡಿಯೋ ತೆಗೆದುಹಾಕಿ. ಮನೆಯಲ್ಲೇ ಕೂತು ಇಂಥ ಕೆಲಸ ಮಾಡುವ ಹೆಂಗಸರು ನಮ್ಮ ಊರಲ್ಲೇ ಎಷ್ಟೋ ಜನ ಇದ್ದಾರೆ, ಅವರ ದುಡ್ಡೂ ಹೀಗೆ ಹೋಗಬಾರದು.

ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕ ಇಲ್ಲ. ಹಾಳಾದ ಕ್ಯಾನ್‌ಗಳನ್ನು ಗುಜರಿಗೆ ಹಾಕದೆ ಎತ್ತಿಟ್ಟಿದ್ದೇನೆ, ನೋಡಬೇಕಾದರೆ ಯಾರನ್ನಾದರೂ ಕಳಿಸಿ. ಉತ್ತರವನ್ನು ಇ-ಮೇಲ್‌ನಲ್ಲೇ ಕೊಡಿ, ಫೋನ್‌ನಲ್ಲಿ ಹೇಳಿ ಮುಗಿಸುವುದು ಬೇಡ.

ಇತಿ,
ನಿಮ್ಮ ಗ್ರಾಹಕಿ, ಶಿವಮೊಗ್ಗ