ಪುಸ್ತಕದ ಹೆಸರಷ್ಟೇ ಕೊಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಸಾಪ್ತಾಹಿಕ ಪುರವಣಿಗಳಲ್ಲಿ ಆಗಾಗ ಬರುವ ‘ಓದಲೇಬೇಕಾದ ಪುಸ್ತಕಗಳು’ ಪಟ್ಟಿಗಳ ಬಗ್ಗೆ ಈ ಪತ್ರ. ಕಾದಂಬರಿ, ವಿಜ್ಞಾನ, ಇತಿಹಾಸ, ಪ್ರವಾಸ, ಜೀವನಚರಿತ್ರೆ ಎಲ್ಲವನ್ನೂ ಬೆರೆಸಿ ಕೊಡುವುದು ಒಳ್ಳೆಯದೇ. ಕುತೂಹಲಕ್ಕೆ ವಿಭಾಗಗಳ ಹಂಗಿಲ್ಲ. ತೊಂದರೆ ಬೇರೆ ಕಡೆ ಇದೆ. ಪುಸ್ತಕದ ಹೆಸರು, ಲೇಖಕರ ಹೆಸರು, ಎರಡು ಸಾಲು ಹೊಗಳಿಕೆ, ಅಲ್ಲಿಗೆ ಮುಗಿಯಿತು. ಯಾವ ಆವೃತ್ತಿ, ಯಾರ ಅನುವಾದ, ಪೂರ್ತಿ ಪಠ್ಯವೋ ಸಂಗ್ರಹವೋ ಎಂಬುದರ ಸುಳಿವೇ ಇರುವುದಿಲ್ಲ. ಆ ಪಟ್ಟಿ ಹಿಡಿದು ಹೊರಟವರ ಕೈಗೆ ಎಷ್ಟೋ ಸಲ ಅದೇ ಹೆಸರಿನ ಬೇರೆಯದೇ ಪುಸ್ತಕ ಸಿಗುತ್ತದೆ.

ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ನೋಡಿ. 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಬಂದ ಕಾದಂಬರಿಯನ್ನು ಆಕೆಯೇ ತಿದ್ದಿ 1831ರಲ್ಲಿ ಮತ್ತೆ ಹೊರತಂದಳು. ಮೊದಲನೆಯದರಲ್ಲಿ ಎಲಿಜಬೆತ್ ನಾಯಕ ವಿಕ್ಟರ್‌ನ ಸೋದರತ್ತೆಯ ಮಗಳು. ಎರಡನೆಯದರಲ್ಲಿ ಆ ಮನೆಯವರು ಸಾಕಿಕೊಂಡ ಅನಾಥೆ. ಮೊದಲನೆಯದರಲ್ಲಿ ವಿಕ್ಟರ್ ಮಾಡಿದ್ದಕ್ಕೆ ಬಹುಮಟ್ಟಿಗೆ ಅವನೇ ಹೊಣೆ, ಎರಡನೆಯದರಲ್ಲಿ ವಿಧಿಯ ಮಾತು ಹೆಚ್ಚು. ಎರಡೂ ಇಂದಿಗೂ ಮುದ್ರಣದಲ್ಲಿವೆ. ಇಬ್ಬರು ಗೆಳೆಯರು ಎರಡು ಪಠ್ಯ ಓದಿ ಒಂದೇ ಪುಸ್ತಕದ ಬಗ್ಗೆ ವಾದಿಸುತ್ತಿದ್ದೇವೆ ಎಂದುಕೊಂಡರೆ ಆಶ್ಚರ್ಯವಿಲ್ಲ. ‘ಗಲಿವರನ ಪ್ರವಾಸ’ದ್ದು ಇನ್ನೂ ಸರಳ ಕಥೆ: ಮೂಲದಲ್ಲಿ ನಾಲ್ಕು ಭಾಗ, ಮಕ್ಕಳ ಆವೃತ್ತಿಗಳು ಹೆಚ್ಚಾಗಿ ಕುಳ್ಳರ ನಾಡು, ದೈತ್ಯರ ನಾಡು ಮುಗಿಸಿ ಕೈತೊಳೆದುಕೊಳ್ಳುತ್ತವೆ.

ಅನುವಾದದಲ್ಲಿ ಆಗುವ ನಷ್ಟ ಇದಕ್ಕಿಂತ ದೊಡ್ಡದು. ಜೂಲ್ಸ್ ವರ್ನ್‌ನ ಸಮುದ್ರದಾಳದ ಕಾದಂಬರಿಯನ್ನು, ನಾಟಿಲಸ್ ನೌಕೆಯ ಕಥೆಯನ್ನು, ಮೊದಲು ಇಂಗ್ಲಿಷಿಗೆ ತಂದವರು ಲೂಯಿಸ್ ಮರ್ಸಿಯರ್. ಮೂಲದ ಕಾಲು ಭಾಗದಷ್ಟನ್ನು ಅವರು ಕತ್ತರಿಸಿದರು, ಅದರಲ್ಲೂ ವಿಜ್ಞಾನದ ವಿವರಗಳನ್ನು. ಉಳಿದದ್ದರಲ್ಲೂ ಎಡವಟ್ಟು. ನೌಕೆಯ ಉಕ್ಕಿನ ಹಾಳೆಯ ಸಾಂದ್ರತೆ ನೀರಿನ 7.8 ಪಟ್ಟು ಎಂದು ವರ್ನ್ ಬರೆದಿದ್ದರೆ, ಅನುವಾದದಲ್ಲಿ ಅದು 0.7ರಿಂದ 0.8 ಆಯಿತು. ಅಂದರೆ ನೀರಿನ ಮೇಲೆ ತೇಲುವ ಉಕ್ಕು! ಲೆಕ್ಕ ಬಲ್ಲ ಓದುಗ ವರ್ನ್‌ನನ್ನೇ ದಡ್ಡ ಎಂದುಕೊಳ್ಳುತ್ತಾನೆ. ಈ ಅನುವಾದಕ್ಕೆ ಹಕ್ಕುಸ್ವಾಮ್ಯದ ಅವಧಿ ಯಾವತ್ತೋ ಮುಗಿದಿದೆ, ಯಾರು ಬೇಕಾದರೂ ಅಚ್ಚು ಹಾಕಬಹುದು. ಹೀಗಾಗಿ ಅಗ್ಗದ ಮುದ್ರಣಗಳಲ್ಲೂ ಉಚಿತ ಇ-ಪುಸ್ತಕಗಳಲ್ಲೂ ಇದೇ ಮತ್ತೆ ಮತ್ತೆ ಎದುರಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಬಂದ ಪೂರ್ಣ ಅನುವಾದಗಳಿವೆ, ಹುಡುಕಬೇಕಾದ್ದು ಅವನ್ನು.

ಅನುವಾದದ ಅನುವಾದವೂ ಉಂಟು. ಸ್ಟಾನಿಸ್ಲಾವ್ ಲೆಮ್ 1961ರಲ್ಲಿ ಪೋಲಿಷ್‌ನಲ್ಲಿ ಬರೆದ ‘ಸೊಲಾರಿಸ್’ 1970ರಲ್ಲಿ ಇಂಗ್ಲಿಷಿಗೆ ಬಂದದ್ದು ಫ್ರೆಂಚ್ ಮೂಲಕ. ಪೋಲಿಷ್‌ನಿಂದ ನೇರ ಇಂಗ್ಲಿಷ್ ಅನುವಾದ ಬರಲು 2011ರವರೆಗೆ ಕಾಯಬೇಕಾಯಿತು. ಕನ್ನಡದಲ್ಲಿ ಓದುವ ಬಹುಪಾಲು ಯುರೋಪಿನ ಕೃತಿಗಳು ಇಂಗ್ಲಿಷ್ ದಾಟಿಯೇ ಬಂದವು. ಅದೇನೂ ತಪ್ಪಲ್ಲ. ಆದರೆ ಯಾವ ಇಂಗ್ಲಿಷ್ ಅನುವಾದದಿಂದ ಎಂಬುದನ್ನು ಅನುವಾದಕರು ಮುನ್ನುಡಿಯಲ್ಲಿ ಹೇಳಿದ್ದರೆ ಪಟ್ಟಿ ಮಾಡುವವರು ಅದನ್ನು ಎತ್ತಿ ಹೇಳಬೇಕು, ಹೇಳದಿದ್ದರೆ ಹೇಳಿಲ್ಲ ಎಂದಾದರೂ ಬರೆಯಬೇಕು.

ಇನ್ನು ಕಥೆಯೇತರ ಪುಸ್ತಕಗಳು. ಇಲ್ಲಿ ಇಸವಿಯೇ ಮುಖ್ಯ, ಓದುಗರು ಹೆಚ್ಚು ಮೋಸಹೋಗುವುದೂ ಅಲ್ಲಿಯೇ. ಹಕ್ಕುಸ್ವಾಮ್ಯದ ಪುಟದಲ್ಲಿ ಕೆಳಗಿರುವ ಹೊಸ ಇಸವಿ ಬರೀ ಮರುಮುದ್ರಣದ್ದಿರಬಹುದು. ಮರುಮುದ್ರಣ ಎಂದರೆ ಒಳಗಿನ ಪಠ್ಯ ಹಳೆಯದೇ, ಮುಖಪುಟ ಬದಲಾಗಿರಬಹುದು ಅಷ್ಟೇ. ‘ಪರಿಷ್ಕೃತ ಆವೃತ್ತಿ’ ಎಂದಿದ್ದರೆ ಮಾತ್ರ ಒಳಗೆ ಏನೋ ತಿದ್ದಿದ್ದಾರೆ ಎಂದರ್ಥ. ಏನು ತಿದ್ದಿದ್ದಾರೆ ಎಂಬುದನ್ನು ಆ ಆವೃತ್ತಿಯ ಮುನ್ನುಡಿಯಲ್ಲಿ ನೋಡಬೇಕು. ಈ ವ್ಯತ್ಯಾಸ ಎಷ್ಟು ದುಬಾರಿ? ಮನುಷ್ಯನ ಜೀವಕೋಶದಲ್ಲಿ 48 ವರ್ಣತಂತುಗಳಿವೆ ಎಂದು ದಶಕಗಳ ಕಾಲ ಪುಸ್ತಕಗಳು ಬರೆದವು; 46 ಎಂದು ಖಚಿತವಾದದ್ದು 1956ರಲ್ಲಿ. ಭೂಫಲಕಗಳ ಚಲನೆಯ ಸಿದ್ಧಾಂತ ಬಹುಮಂದಿಗೆ ಒಪ್ಪಿಗೆಯಾದದ್ದು 1960ರ ದಶಕದ ಕೊನೆಗೆ. ಅದಕ್ಕೆ ಮುಂಚಿನ ಪುಸ್ತಕ ಪರ್ವತಗಳು ಹುಟ್ಟಿದ್ದಕ್ಕೆ ಕೊಡುವ ಕಾರಣವೇ ಬೇರೆ. ಪ್ಲೂಟೊ ವಿಷಯ ಎಲ್ಲರಿಗೂ ಗೊತ್ತು, 2006ರಲ್ಲಿ ಅದು ಗ್ರಹಗಳ ಪಟ್ಟಿಯಿಂದ ಹೊರಬಿತ್ತು.

ಹಳೆಯದೆಲ್ಲ ಬೇಡ ಎಂದಲ್ಲ. ಡಾರ್ವಿನ್‌ನ ಜೀವಸಂಕುಲಗಳ ಉಗಮದ ಗ್ರಂಥದಲ್ಲಿ ನಾವು ಶಿಫಾರಸು ಮಾಡುವುದು 1859ರ ಮೊದಲ ಆವೃತ್ತಿಯನ್ನೇ. 1872ರ ಆರನೆಯದರಲ್ಲಿ ಆಕ್ಷೇಪಗಳಿಗೆ ಉತ್ತರ ಕೊಡುವ ಒಂದು ಇಡೀ ಅಧ್ಯಾಯ ಸೇರಿ ವಾದದ ಬಿಗಿ ಸಡಿಲವಾಗಿದೆ. ‘ಯೋಗ್ಯತಮರ ಉಳಿವು’ ಎಂಬ ಹರ್ಬರ್ಟ್ ಸ್ಪೆನ್ಸರ್‌ನ ಮಾತು ಅದರೊಳಗೆ ಬಂದದ್ದೂ 1869ರ ಐದನೇ ಆವೃತ್ತಿಯಲ್ಲಿ. ಓದುವ ಕ್ರಮದಲ್ಲಿ ಒಂದು ಸಲಹೆ: ವಿಜ್ಞಾನ, ಇತಿಹಾಸದಲ್ಲಿ ಇತ್ತೀಚಿನ ಒಂದು ಪರಿಚಯ ಪುಸ್ತಕ ಮೊದಲು, ಮೂಲ ಗ್ರಂಥ ಆಮೇಲೆ. ಕಾದಂಬರಿಗೆ ಇದು ತಿರುವುಮುರುವು. ಪೂರ್ಣ ಪಠ್ಯ ಮೊದಲು, ಅದರ ಬಗ್ಗೆ ಬರೆದದ್ದು ಆಮೇಲೆ.

ಕಥೆಯೇತರ ಪುಸ್ತಕವನ್ನು ಪಟ್ಟಿಗೆ ಸೇರಿಸುವ ಮುನ್ನ ಐದು ನಿಮಿಷದ ಪರೀಕ್ಷೆ ಸಾಕು. ಕೊನೆಯಲ್ಲಿ ಪದಸೂಚಿ ಇದೆಯೇ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿಯನ್ನು ಅದರಲ್ಲಿ ಹುಡುಕಿ ಆ ಪುಟ ಓದಿ. ಅಲ್ಲಿಯೇ ತಪ್ಪಿದ್ದರೆ ಗೊತ್ತಿಲ್ಲದ ಸಂಗತಿಗಳಲ್ಲಿ ಆ ಪುಸ್ತಕವನ್ನು ನಂಬುವುದು ಹೇಗೆ? ಆಮೇಲೆ ಗ್ರಂಥಋಣಕ್ಕೆ ಬನ್ನಿ. ಹೋದ ವರ್ಷ ಪ್ರಕಟವಾದ ಪುಸ್ತಕದ ಆಧಾರಗಳೆಲ್ಲ ಮೂವತ್ತು ವರ್ಷ ಹಿಂದಕ್ಕೇ ನಿಂತಿದ್ದರೆ ಅನುಮಾನಪಡಿ. ಅಂಕಿಅಂಶ ತುಂಬಿದ ಪುಟಗಳಿಗೆ ಅಡಿಟಿಪ್ಪಣಿಯೇ ಇಲ್ಲದಿದ್ದರೂ ಅಷ್ಟೇ. ಬೆನ್ನುಡಿಯನ್ನು ಕೊನೆಗೆ ಓದಿದರೂ ನಷ್ಟವಿಲ್ಲ. ಪ್ರವಾಸ, ಯುದ್ಧದ ಪುಸ್ತಕಗಳಾದರೆ ನಕ್ಷೆಗಳು ಇವೆಯೇ, ಅಗ್ಗದ ಮುದ್ರಣದಲ್ಲಿ ಕೈಬಿಟ್ಟಿದ್ದಾರೆಯೇ ನೋಡಬೇಕು.

ಕಥೆ ಯಾವುದು, ನಿಜ ಯಾವುದು ಎಂದು ಗುರುತು ಹಾಕುವಾಗಲೂ ಎಚ್ಚರ ಬೇಕು. 1665ರ ಲಂಡನ್ ಪ್ಲೇಗಿನ ಬಗ್ಗೆ ಡೇನಿಯಲ್ ಡೀಫೊ 1722ರಲ್ಲಿ ತಂದ ಪುಸ್ತಕ ಕಣ್ಣಾರೆ ಕಂಡವನ ದಿನಚರಿಯಂತಿದೆ, ವಾರವಾರದ ಸಾವಿನ ಪಟ್ಟಿಗಳೂ ಅದರಲ್ಲಿವೆ. ಪ್ಲೇಗ್ ಬಂದಾಗ ಲೇಖಕನಿಗೆ ಐದು ವರ್ಷದ ಆಸುಪಾಸು! ದಾಖಲೆಗಳು ನಿಜ, ನಿರೂಪಕ ಕಲ್ಪಿತ. ಇಂಥದ್ದನ್ನು ಇತಿಹಾಸದ ಸಾಲಿಗೆ ಸುಮ್ಮನೆ ಸೇರಿಸದೆ ಪಕ್ಕದಲ್ಲೊಂದು ಮಾತು ಬರೆದರೆ ಓದುಗರಿಗೆ ಇನ್ನಷ್ಟು ರುಚಿ.

ಐವತ್ತು ಹೆಸರುಗಳ ಬದಲು ಹತ್ತೇ ಕೊಡಿ, ಹೊಗಳಿಕೆಯ ಜಾಗದಲ್ಲಿ ಇವು ಬರಲಿ: ಮೊದಲು ಪ್ರಕಟವಾದ ವರ್ಷ, ಶಿಫಾರಸು ಮಾಡುವ ಆವೃತ್ತಿ, ಅನುವಾದಕರು, ಪುಟಸಂಖ್ಯೆ, ಪೂರ್ಣವೋ ಸಂಗ್ರಹವೋ. ಇಷ್ಟಕ್ಕೂ ಜಾಗ ಸಾಲದೆಂದರೆ ಐಎಸ್‌ಬಿಎನ್, ಅಂದರೆ ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಅದೊಂದನ್ನಾದರೂ ಅಚ್ಚು ಹಾಕಿ. ಗಟ್ಟಿ ರಟ್ಟಿಗೆ ಒಂದು, ಮೆತ್ತನೆಯದಕ್ಕೆ ಇನ್ನೊಂದು, ಪರಿಷ್ಕೃತ ಆವೃತ್ತಿಗೆ ಮತ್ತೊಂದು ಸಂಖ್ಯೆ ಇರುತ್ತದೆ. ಬರೀ ಮರುಮುದ್ರಣವಾದರೆ ಬದಲಾಗುವುದಿಲ್ಲ. 2007ರಿಂದ ಅದು 13 ಅಂಕಿಯದು, ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ 10. ಆ ಸಂಖ್ಯೆಯೇ ಇಲ್ಲದ ಹಳೆಯ ಪುಸ್ತಕಗಳಿಗೆ ಪ್ರಕಾಶಕರ ಹೆಸರು, ಮುದ್ರಣದ ಇಸವಿ ಕೊಟ್ಟರೆ ಯಾವ ಗ್ರಂಥಾಲಯದಲ್ಲೂ ಹುಡುಕಿಕೊಡಬಹುದು.

ಇಂತಿ,
ಗ್ರಂಥಾಲಯದ ಪುಸ್ತಕ ಆಯ್ಕೆ ವಿಭಾಗದ ಕೆಲವರು